ಬಯೋಸ್ ಚಿಪ್‌ನಿಂದ ಸೀರಿಯಲ್ ಕೇಬಲ್‌ವರೆಗೆ

ಕಂಪ್ಯೂಟರಿನ ಗುಂಡಿ ಒತ್ತಿದ ಮೊದಲ ಕ್ಷಣದಲ್ಲಿ ವಿಂಡೋಸ್ ಇರುವುದಿಲ್ಲ, ಲಿನಕ್ಸ್ ಇರುವುದಿಲ್ಲ. ಹಾರ್ಡ್ ಡಿಸ್ಕ್ ಎಂಬುದೊಂದಿದೆ ಎಂದೂ ಪ್ರೊಸೆಸರ್‌ಗೆ ಗೊತ್ತಿರುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಒಂದು ವಿಳಾಸ. ಆ ವಿಳಾಸದಲ್ಲಿ, ಮದರ್‌ಬೋರ್ಡಿನ ಒಂದು ಮೂಲೆಯ ಚಿಕ್ಕ ಚಿಪ್‌ನೊಳಗೆ, ಕಾದು ಕುಳಿತಿರುವ ಪುಟ್ಟ ಪ್ರೋಗ್ರಾಮೇ ಬಯೋಸ್. ಅದು ಮೆಮೊರಿಯನ್ನು ಎಬ್ಬಿಸಿ, ಕೀಬೋರ್ಡ್ ಮತ್ತು ಪರದೆಯನ್ನು ಸಿದ್ಧಗೊಳಿಸಿ, ಕೊನೆಗೆ ಡಿಸ್ಕಿನಿಂದ ಉಳಿದದ್ದನ್ನೆಲ್ಲ ಕರೆತರುತ್ತದೆ. ಆ ಚಿಪ್‌ನಲ್ಲಿ ಬರೆದದ್ದು ಅಳಿಸಿಹೋದರೆ ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಬೇರೇನೂ ಆಗುವುದಿಲ್ಲ. ರಿಪೇರಿ ಅಂಗಡಿಯವರು ಇದನ್ನು ‘ಬೋರ್ಡ್ ಡೆಡ್’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ಹೀಗೆ ಸತ್ತಿದೆ ಎನ್ನಲಾದ ಬೋರ್ಡುಗಳಲ್ಲಿ ಎಷ್ಟೋ ನಿಜವಾಗಿ ಸತ್ತಿರುವುದಿಲ್ಲ. ಹಾಗೆಯೇ ‘ಡ್ರೈವರ್ ಹಿಡಿಯುತ್ತಿಲ್ಲ’ ಎಂದು ಮೂಲೆಗೆ ಎಸೆದ ಯುಎಸ್‌ಬಿ-ಸೀರಿಯಲ್ ಕೇಬಲುಗಳಲ್ಲಿ ಎಷ್ಟೋ ಕೆಟ್ಟಿರುವುದಿಲ್ಲ. ಎರಡೂ ತೊಂದರೆಗಳ ಹಿಂದೆ ಒಂದು ಇತಿಹಾಸವಿದೆ. ಆ ಇತಿಹಾಸ ತಿಳಿದಿದ್ದರೆ ದೋಷ ಎಲ್ಲಿದೆ ಎಂದು ಹುಡುಕುವ ಕೆಲಸ ಅರ್ಧ ಮುಗಿದಂತೆಯೇ. ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿನಲ್ಲಿ ಪ್ರಾಜೆಕ್ಟ್ ಮುಗಿಸಬೇಕಾದ ವಿದ್ಯಾರ್ಥಿಗೆ ಇದು ಬರೀ ಕುತೂಹಲದ ವಿಷಯವಲ್ಲ.

ಬಯೋಸ್ ಎಂಬ ಹೆಸರನ್ನು ಕೊಟ್ಟವರು ಅಮೆರಿಕದ ಗ್ಯಾರಿ ಕಿಲ್ಡಾಲ್. 1970ರ ದಶಕದಲ್ಲಿ ಅವರು ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮನ್ನು ರಚಿಸಿದಾಗ ಒಂದು ಜಾಣತನ ಮಾಡಿದರು. ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಭಾಗವನ್ನೆಲ್ಲ ಬೇರೆ ತೆಗೆದು ಒಂದು ಸಣ್ಣ ತುಂಡಾಗಿ ಇಟ್ಟರು. ಹೊಸ ಯಂತ್ರ ಬಂದರೆ ಆ ತುಂಡನ್ನು ಮಾತ್ರ ತಿದ್ದಿದರೆ ಸಾಕು. 12 ಆಗಸ್ಟ್ 1981ರಂದು ಐಬಿಎಂ ಕಂಪನಿ ತನ್ನ ಪಿಸಿಯನ್ನು ಬಿಡುಗಡೆ ಮಾಡಿದಾಗ ಈ ಬಯೋಸ್ ರೋಮ್ ಚಿಪ್‌ನೊಳಗೆ ಸೇರಿತ್ತು. ಅದರ ಗಾತ್ರ 8 ಕಿಲೋಬೈಟ್. ಇಂದಿನ ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೋ ಇದರ ನೂರಾರು ಪಟ್ಟು ದೊಡ್ಡದು.

ಐಬಿಎಂ ಆ ಪ್ರೋಗ್ರಾಮಿನ ಪೂರ್ತಿ ಪಟ್ಟಿಯನ್ನು ತನ್ನ ತಾಂತ್ರಿಕ ಕೈಪಿಡಿಯಲ್ಲಿ ಅಚ್ಚು ಹಾಕಿತು. ಯಾರು ಬೇಕಾದರೂ ಓದಬಹುದಿತ್ತು. ಆದರೆ ಕಾಪಿರೈಟ್ ಇದ್ದುದರಿಂದ ನಕಲು ಮಾಡುವಂತಿರಲಿಲ್ಲ. 1982ರಲ್ಲಿ ಹುಟ್ಟಿದ ಕಾಂಪ್ಯಾಕ್ ಕಂಪನಿ ಇದಕ್ಕೊಂದು ದಾರಿ ಹುಡುಕಿತು. ಒಂದು ಗುಂಪಿನವರು ಐಬಿಎಂ ಪಟ್ಟಿಯನ್ನು ಓದಿ ಅದು ಏನೇನು ಮಾಡುತ್ತದೆ ಎಂದು ಮಾತ್ರ ಬರೆದುಕೊಟ್ಟರು. ಆ ಪಟ್ಟಿಯನ್ನು ಕಣ್ಣಿನಿಂದಲೂ ನೋಡದ ಇನ್ನೊಂದು ಗುಂಪಿನವರು ಆ ವಿವರಣೆಯ ಮೇಲಿಂದ ಹೊಸದಾಗಿ ಪ್ರೋಗ್ರಾಮ್ ಬರೆದರು. 1983ರಲ್ಲಿ ಅವರ ಯಂತ್ರ ಮಾರುಕಟ್ಟೆಗೆ ಬಂತು. 1984ರಲ್ಲಿ ಫೀನಿಕ್ಸ್ ಕಂಪನಿ ಇದೇ ವಿಧಾನದಿಂದ ತಯಾರಿಸಿದ ಬಯೋಸನ್ನು ಯಾರು ಕೇಳಿದರೂ ಮಾರತೊಡಗಿತು. ಆಮೇಲೆ ಅವಾರ್ಡ್ ಮತ್ತು ಎಎಂಐ ಬಂದವು. ನಮ್ಮ ಊರುಗಳಲ್ಲಿ ‘ಅಸೆಂಬಲ್ಡ್ ಕಂಪ್ಯೂಟರ್’ ಎಂದು ಕಡಿಮೆ ಬೆಲೆಗೆ ಸಿಕ್ಕಿ, ಸಾಮಾನ್ಯ ಮನೆಯ ಮಕ್ಕಳು ಕೀಬೋರ್ಡ್ ಮುಟ್ಟುವಂತಾದದ್ದು ಈ 8 ಕಿಲೋಬೈಟಿನ ಬೀಗ ತೆರೆದದ್ದರಿಂದಲೇ ಎಂದು ನಾನು ತಿಳಿದಿದ್ದೇನೆ.

ಮೊದಲಿನ ರೋಮ್‌ನಲ್ಲಿ ಕಾರ್ಖಾನೆಯಲ್ಲಿ ಬರೆದದ್ದೇ ಶಾಶ್ವತ. ತಪ್ಪಿದ್ದರೆ ಚಿಪ್ ಎಸೆಯಬೇಕು. 1971ರಲ್ಲಿ ಇಂಟೆಲ್‌ನ ಡೋವ್ ಫ್ರೋಮನ್ ಕಂಡುಹಿಡಿದ ಇಪ್ರೋಮ್ ಚಿಪ್‌ನ ಬೆನ್ನಿನ ಮೇಲೆ ಗಾಜಿನ ಪುಟ್ಟ ಕಿಟಕಿ ಇರುತ್ತಿತ್ತು. ಅದರ ಮೂಲಕ ನೇರಳಾತೀತ ಬೆಳಕು ಹಾಯಿಸಿದರೆ ಬರಹ ಅಳಿಸಿ ಮತ್ತೆ ಬರೆಯಲು ಬರುತ್ತಿತ್ತು. ಹಳೆಯ ಬೋರ್ಡುಗಳಲ್ಲಿ ಬಯೋಸ್ ಚಿಪ್ ಮೇಲೆ ಅಂಟಿಸಿದ ಹೊಳೆಯುವ ಚೀಟಿ ಕೇವಲ ಹೆಸರಿಗಾಗಿ ಅಲ್ಲ, ಬಿಸಿಲು ತಾಗಿ ಬರಹ ಮಾಸದಿರಲಿ ಎಂದು. ಜಪಾನಿನ ತೋಶಿಬಾ ಕಂಪನಿಯ ಫುಜಿಯೊ ಮಸುವೋಕಾ ಇದಕ್ಕಿಂತ ಮುಂದೆ ಹೋದರು. ವಿದ್ಯುತ್ತಿನಿಂದಲೇ ಇಡೀ ವಿಭಾಗವನ್ನು ಒಮ್ಮೆಲೇ ಅಳಿಸಬಲ್ಲ ಚಿಪ್ಪೊಂದನ್ನು ಅವರು 1984ರಲ್ಲಿ ಜಗತ್ತಿಗೆ ತೋರಿಸಿದರು. ಆ ಅಳಿಸುವಿಕೆ ಕ್ಯಾಮೆರಾದ ಫ್ಲಾಶ್ ಮಿಂಚಿದಂತಿದೆ ಎಂದು ಅವರ ಸಹೋದ್ಯೋಗಿಯೊಬ್ಬರು ಸೂಚಿಸಿದ ಹೆಸರೇ ‘ಫ್ಲಾಶ್’. 1988ರಲ್ಲಿ ಇಂಟೆಲ್ ಇದನ್ನು ವ್ಯಾಪಾರಕ್ಕೆ ತಂದಿತು. 1990ರ ದಶಕದ ನಡುವಿನ ಹೊತ್ತಿಗೆ ಸಾಧಾರಣ ಮದರ್‌ಬೋರ್ಡುಗಳಲ್ಲೂ ಫ್ಲಾಶ್ ಬಂತು.

ಜನರಿಗೆ ಬಯೋಸ್ ಬದಲಿಸುವ ಅಗತ್ಯವಾದರೂ ಏನಿತ್ತು? ಮುಖ್ಯ ಕಾರಣ ಹಾರ್ಡ್ ಡಿಸ್ಕ್. ಬಯೋಸ್ ಬರೆದವರು ಪ್ರತಿಸಲವೂ ‘ಇಷ್ಟು ದೊಡ್ಡ ಡಿಸ್ಕ್ ಯಾರಿಗೆ ಬೇಕು’ ಎಂದುಕೊಂಡಂತೆ ಕಾಣುತ್ತದೆ! ಮೊದಲ ಗಡಿ 528 ಮೆಗಾಬೈಟ್, ಆಮೇಲೆ 8.4 ಗಿಗಾಬೈಟ್, ಕೆಲವು ಅವಾರ್ಡ್ ಬಯೋಸ್‌ಗಳಲ್ಲಿ 33.8 ಗಿಗಾಬೈಟ್, ನಂತರ 137 ಗಿಗಾಬೈಟ್. ಗಡಿ ದಾಟಿದ ಡಿಸ್ಕ್ ಹಾಕಿದರೆ ಅರ್ಧ ಮಾತ್ರ ಕಾಣುವುದು ಅಥವಾ ಯಂತ್ರ ಅಲ್ಲೇ ನಿಂತುಬಿಡುವುದು. 1999ರಲ್ಲಿ ಇದಕ್ಕೆ ವೈಟೂಕೆ ಭಯವೂ ಸೇರಿತು. ಬೋರ್ಡಿನ ಗಡಿಯಾರ ವರ್ಷವನ್ನು ಎರಡೇ ಅಂಕೆಗಳಲ್ಲಿ ಇಡುತ್ತಿದ್ದುದರಿಂದ ಶತಮಾನವನ್ನು ಬಯೋಸ್ ನೋಡಿಕೊಳ್ಳಬೇಕಿತ್ತು. ಫ್ಲಾಪಿಯಲ್ಲಿ ಡಾಸ್, ಫ್ಲಾಶ್ ಮಾಡುವ ಪ್ರೋಗ್ರಾಮ್ ಮತ್ತು ಹೊಸ ಬಯೋಸ್ ಫೈಲ್ ಹಾಕಿಕೊಂಡು ಜನ ಈ ಕೆಲಸಕ್ಕೆ ಇಳಿದರು.

ಅಪಾಯ ಎಲ್ಲಿದೆ ಎಂದು ಈಗ ನಿಮಗೆ ಅರ್ಥವಾಗಿರಬಹುದು. ಫ್ಲಾಶ್ ಚಿಪ್‌ನಲ್ಲಿ ಹಳೆಯದರ ಮೇಲೆಯೇ ಹೊಸದನ್ನು ಬರೆಯಲು ಬರುವುದಿಲ್ಲ. ಮೊದಲು ಅಳಿಸಬೇಕು, ಆಮೇಲೆ ಬರೆಯಬೇಕು, ಕೊನೆಗೆ ಸರಿಯಾಗಿ ಕೂತಿದೆಯೇ ಎಂದು ಓದಿ ನೋಡಬೇಕು. ಅಳಿಸಿದ ಮೇಲೆ, ಬರೆದು ಮುಗಿಯುವ ಮುನ್ನ ಕರೆಂಟ್ ಹೋದರೆ ಪ್ರೊಸೆಸರ್ ಹೋಗಿ ನೋಡುವ ಆ ಒಂದೇ ವಿಳಾಸದಲ್ಲಿ ಏನೂ ಇರುವುದಿಲ್ಲ. ಲೋಡ್ ಶೆಡ್ಡಿಂಗ್ ಕಂಡ ನಮ್ಮ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯುಪಿಎಸ್ ಇಲ್ಲದೆ, ಅಥವಾ ಬ್ಯಾಟರಿ ಹೋದ ಲ್ಯಾಪ್‌ಟಾಪಿನಲ್ಲಿ, ಬಯೋಸ್ ಫ್ಲಾಶ್ ಮಾಡಬೇಡಿ ಎಂಬ ಮಾತಿನ ಮೂಲ ಇಷ್ಟೇ.

ಈ ಚಿಪ್ಪನ್ನು ಮಾಲೀಕನಲ್ಲದೆ ಬೇರೆಯವರೂ ಅಳಿಸಬಹುದು ಎಂದು ಲೋಕಕ್ಕೆ ಗೊತ್ತಾದದ್ದು 26 ಏಪ್ರಿಲ್ 1999ರಂದು. ತೈವಾನಿನ ತಾತುಂಗ್ ವಿದ್ಯಾಲಯದ ವಿದ್ಯಾರ್ಥಿ ಚೆನ್ ಇಂಗ್-ಹೌ 1998ರಲ್ಲಿ ಸುಮಾರು ಒಂದು ಕಿಲೋಬೈಟಿನ ವೈರಸ್ ಬರೆದಿದ್ದ. ಅವನ ಹೆಸರಿನ ಅಕ್ಷರಗಳಿಂದ ಅದಕ್ಕೆ ಸಿಐಎಚ್ ಎಂದು ಹೆಸರಾಯಿತು. ಚೆರ್ನೋಬಿಲ್ ದುರಂತದ ದಿನವೇ ಎರಗುತ್ತಿದ್ದುದರಿಂದ ಚೆರ್ನೋಬಿಲ್ ವೈರಸ್ ಎಂದೂ ಕರೆದರು. ವಿಂಡೋಸ್ 95 ಮತ್ತು 98ರ ಪ್ರೋಗ್ರಾಮುಗಳಲ್ಲಿ ಅಡಗಿದ್ದು, ಆ ದಿನ ಹಾರ್ಡ್ ಡಿಸ್ಕಿನ ಮೊದಲ ಒಂದು ಮೆಗಾಬೈಟನ್ನು ಅಳಿಸಿತು. ಆಮೇಲೆ ಬಯೋಸಿಗೆ ಕೈ ಹಾಕಿತು. ಇಂಟೆಲ್ 430ಟಿಎಕ್ಸ್ ಚಿಪ್‌ಸೆಟ್ ಇದ್ದ ಬೋರ್ಡುಗಳಲ್ಲಿ ಈ ಎರಡನೆಯ ಏಟು ನಾಟಿತು. ದಕ್ಷಿಣ ಕೊರಿಯಾ, ಟರ್ಕಿ, ಬಾಂಗ್ಲಾದೇಶ, ಭಾರತ ಹೀಗೆ ಏಷ್ಯಾದ ದೇಶಗಳಲ್ಲಿಯೇ ಹೆಚ್ಚು ಹಾನಿಯಾಯಿತು. ಮೊದಲು ತೈವಾನಿನಲ್ಲಿ ದೂರು ಕೊಡುವವರೇ ಇಲ್ಲದೆ ಆತನ ಮೇಲೆ ಮೊಕದ್ದಮೆ ಹೂಡಲಾಗಲಿಲ್ಲ. ಬರೆಯದಂತೆ ತಡೆಯುವ ಜಂಪರ್ ಆ ಕಾಲದ ಹಲವು ಬೋರ್ಡುಗಳಲ್ಲಿ ಇತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಒಂದು ಸಣ್ಣ ಪ್ಲಾಸ್ಟಿಕ್ ತುಂಡನ್ನು ಸರಿಯಾದ ಕಡೆ ಹಾಕಿದ್ದರೆ ಅಂತಹ ಬೋರ್ಡು ಉಳಿಯುತ್ತಿತ್ತು.

ಸತ್ತ ಬೋರ್ಡನ್ನು ಎಬ್ಬಿಸುವ ವಿದ್ಯೆಯೂ ಇದೇ ಕಾಲದಲ್ಲಿ ಬೆಳೆಯಿತು. ತಯಾರಕರು ಚಿಪ್‌ನ ಒಂದು ಚಿಕ್ಕ ಭಾಗವನ್ನು ‘ಬೂಟ್ ಬ್ಲಾಕ್’ ಎಂದು ಕಾದಿಟ್ಟರು. ಉಳಿದದ್ದೆಲ್ಲ ಹಾಳಾದರೂ ಅದು ಫ್ಲಾಪಿಯನ್ನು ಓದಬಲ್ಲದು. ಆದರೆ ಅವಾರ್ಡಿನ ಹಳೆಯ ಬೂಟ್ ಬ್ಲಾಕಿಗೆ ಐಎಸ್‌ಎ ಡಿಸ್‌ಪ್ಲೇ ಕಾರ್ಡ್ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಪಿಸಿಐ ಕಾರ್ಡ್ ಇದ್ದವರಿಗೆ ಪರದೆ ಕಪ್ಪಾಗಿಯೇ ಉಳಿಯುತ್ತಿತ್ತು. ಫ್ಲಾಪಿಯ ದೀಪ ಮಾತ್ರ ಮಿನುಗುತ್ತಿತ್ತು. ಆ ದೀಪವನ್ನೇ ನಂಬಿ, ತಾನಾಗಿಯೇ ಫ್ಲಾಶ್ ಮಾಡುವಂತೆ ಆದೇಶ ಬರೆದಿಟ್ಟ ಫ್ಲಾಪಿಯನ್ನು ಹಾಕಿ, ಕುರುಡಾಗಿ ಕಾಯಬೇಕಿತ್ತು. ಎಎಂಐ ಬಯೋಸ್‌ನಲ್ಲಿ ಫೈಲಿನ ಹೆಸರನ್ನು ‘ಎಎಂಐಬೂಟ್ ಡಾಟ್ ರೋಮ್’ ಎಂದು ಬದಲಿಸಿ ಕಂಟ್ರೋಲ್ ಮತ್ತು ಹೋಮ್ ಕೀಗಳನ್ನು ಒತ್ತಿ ಹಿಡಿಯಬೇಕಿತ್ತು. ಬೂಟ್ ಬ್ಲಾಕೂ ಹೋಗಿದ್ದರೆ ಗಟ್ಟಿ ಗುಂಡಿಗೆಯವರ ದಾರಿ ಬೇರೆ: ಅದೇ ಮಾದರಿಯ ಇನ್ನೊಂದು ಬೋರ್ಡನ್ನು ಚಾಲೂ ಮಾಡಿ, ಅದು ಓಡುತ್ತಿರುವಾಗಲೇ ಒಳ್ಳೆಯ ಚಿಪ್ಪನ್ನು ಕಿತ್ತು, ಸತ್ತ ಚಿಪ್ಪನ್ನು ಆ ಜಾಗದಲ್ಲಿ ಕೂರಿಸಿ ಬರೆಯುವುದು. ನಡೆಯುವ ಬಸ್ಸಿನ ಚಕ್ರ ಬದಲಿಸಿದ ಹಾಗೆ! ಕೈ ಜಾರಿದರೆ ಎರಡು ಬೋರ್ಡೂ ಹೋಗುತ್ತಿದ್ದವು. ಗಿಗಾಬೈಟ್ ಕಂಪನಿ ಒಂದೇ ಬೋರ್ಡಿನಲ್ಲಿ ಎರಡು ಬಯೋಸ್ ಚಿಪ್ ಇಡತೊಡಗಿದ್ದಕ್ಕೆ ಕಾರಣ ಬೇರೆ ಹೇಳಬೇಕಿಲ್ಲ.

2005ರ ನಂತರ ಬಯೋಸ್ ಎಂಟು ಕಾಲಿನ ಪುಟ್ಟ ಎಸ್‌ಪಿಐ ಚಿಪ್‌ಗೆ ಇಳಿಯಿತು. ಅದೇ ವರ್ಷ ಯುಇಎಫ್‌ಐ ಫೋರಂ ಸ್ಥಾಪನೆಯಾಗಿ, ಹಳೆಯ ಬಯೋಸ್ ಜಾಗದಲ್ಲಿ ಯುಇಎಫ್‌ಐ ಬಂತು. ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ ಬಯೋಸೇ. ಈಗ ಸತ್ತ ಬೋರ್ಡನ್ನು ಎಬ್ಬಿಸಲು ರಿಪೇರಿಯವರು ಬಳಸುವುದು ಸಿಎಚ್341ಎ ಎಂಬ ಅಗ್ಗದ ಪ್ರೋಗ್ರಾಮರ್. ಅದರ ಕ್ಲಿಪ್ಪನ್ನು ಚಿಪ್‌ಗೆ ಕಚ್ಚಿಸಿ, ಬೋರ್ಡಿಗೆ ಕರೆಂಟ್ ಕೊಡದೆ, ಇನ್ನೊಂದು ಕಂಪ್ಯೂಟರಿನಿಂದ ಬರೆಯುತ್ತಾರೆ. ಇದನ್ನು ನೀವು ಮಾಡುವುದಾದರೆ ಮೂರು ಸಂಗತಿ ತಿಳಿದಿರಲಿ. ಮೊದಲು ಚಿಪ್‌ನಲ್ಲಿ ಇರುವುದನ್ನು ಎರಡು ಸಲ ಓದಿ, ಎರಡೂ ಪ್ರತಿ ಒಂದೇ ಆಗಿವೆಯೇ ನೋಡಿ; ಬೇರೆಯಾಗಿದ್ದರೆ ಕ್ಲಿಪ್ ಸರಿಯಾಗಿ ಕೂತಿಲ್ಲ. ಆ ಪ್ರತಿಯನ್ನು ಜೋಪಾನ ಮಾಡಿ, ಏಕೆಂದರೆ ನಿಮ್ಮ ಬೋರ್ಡಿನ ಕ್ರಮಸಂಖ್ಯೆ, ಎಷ್ಟೋ ಸಲ ನೆಟ್‌ವರ್ಕ್ ವಿಳಾಸ ಕೂಡ ಅದರೊಳಗೇ ಇರುತ್ತದೆ. ಬೇರೆ ಬೋರ್ಡಿನ ಫೈಲ್ ತಂದು ತುಂಬಿದರೆ ಅವು ಹೋಗುತ್ತವೆ. ಇನ್ನು ವೋಲ್ಟೇಜ್: ಕಪ್ಪು ಬಣ್ಣದ ಸಾಮಾನ್ಯ ಸಿಎಚ್341ಎ ಬೋರ್ಡುಗಳು 3.3 ವೋಲ್ಟಿನ ಚಿಪ್‌ಗೂ ಡೇಟಾ ತಂತಿಗಳಲ್ಲಿ 5 ವೋಲ್ಟ್ ಕಳಿಸುತ್ತವೆ. 1.8 ವೋಲ್ಟಿನ ಚಿಪ್‌ಗೆ ಅಡಾಪ್ಟರ್ ಇಲ್ಲದೆ ಅದನ್ನು ಮುಟ್ಟಿಸಲೇಬಾರದು.

ಈಚಿನ ವರ್ಷಗಳಲ್ಲಿ ಬಯೋಸ್ ಬದಲಿಸುವುದು ಬೇಡವೆಂದರೂ ಬಿಡದ ಕೆಲಸವಾಗಿದೆ. 2018ರಲ್ಲಿ ಎಎಂಡಿಯ ಹೊಸ ರೈಜೆನ್ ಪ್ರೊಸೆಸರ್ ಕೊಂಡವರ ಬೋರ್ಡಿನಲ್ಲಿ ಹಳೆಯ ಬಯೋಸ್ ಇದ್ದುದರಿಂದ ಯಂತ್ರ ಏಳಲಿಲ್ಲ. ಬಯೋಸ್ ಬದಲಿಸೋಣವೆಂದರೆ ಯಂತ್ರ ಎದ್ದರೆ ತಾನೇ? ಕೊನೆಗೆ ಕಂಪನಿಯೇ ಹಳೆಯ ಪ್ರೊಸೆಸರನ್ನು ಎರವಲು ಕೊಟ್ಟು ಕಳಿಸಿತು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ಹೆಚ್ಚು ವೋಲ್ಟೇಜ್ ಪಡೆದು ಹಾಳಾಗುತ್ತಿದ್ದಾಗ 2024ರ ಆಗಸ್ಟಿನಲ್ಲಿ ಪರಿಹಾರ ಬಂದದ್ದೂ ಬಯೋಸ್ ಮೂಲಕವೇ. ಅಷ್ಟರಲ್ಲಿ ಹಾನಿಗೊಂಡಿದ್ದ ಪ್ರೊಸೆಸರನ್ನು ಅದು ಸರಿಪಡಿಸಲಿಲ್ಲ. ಇನ್ನೊಂದು ಎಚ್ಚರಿಕೆ: ವಿಂಡೋಸ್ 11ರ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ತಾನಾಗಿಯೇ ಬಿಟ್‌ಲಾಕರ್ ಬೀಗದೊಳಗೆ ಇರುತ್ತದೆ. ಬಯೋಸ್ ಬದಲಾದರೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ನಿಮ್ಮ ಬಳಿ ಇಲ್ಲದಿದ್ದರೆ ಬೋರ್ಡ್ ಚೆನ್ನಾಗಿಯೇ ಇದ್ದು, ಒಳಗಿನ ಬರಹ, ಫೋಟೋ ಎಲ್ಲ ಹೋದಂತೆ. ಕೀಯನ್ನು ಮೊದಲು ಬರೆದಿಟ್ಟುಕೊಂಡು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಆಮೇಲೆ ಮುಂದುವರಿಯಿರಿ.

ಇನ್ನು ಸೀರಿಯಲ್ ಕೇಬಲಿನ ಕಡೆ ಬರೋಣ. ಎರಡಕ್ಕೂ ನೇರ ನಂಟಿದೆ: ಮೇಲೆ ಹೇಳಿದ ಸಿಎಚ್341 ಚಿಪ್ ಸೀರಿಯಲ್ ಕೇಬಲಿನ ಕೆಲಸವನ್ನೂ ಮಾಡುತ್ತದೆ. ಪ್ರೋಗ್ರಾಮರಿನ ಮೇಲಿನ ಜಂಪರ್ ತಪ್ಪು ಕಡೆ ಇದ್ದರೆ ವಿಂಡೋಸ್ ಅದನ್ನು ಕಾಮ್ ಪೋರ್ಟ್ ಎಂದು ತೋರಿಸುತ್ತದೆ. ಫ್ಲಾಶ್ ಮಾಡುವ ಪ್ರೋಗ್ರಾಮಿಗೆ ಅದು ಕಾಣುವುದಿಲ್ಲ. ‘ಡ್ರೈವರ್ ಸರಿಯಿಲ್ಲ’ ಎಂದು ದಿನವಿಡೀ ಒದ್ದಾಡಿದವರಿದ್ದಾರೆ.

ಆರ್‌ಎಸ್-232 ಎಂಬ ಸೀರಿಯಲ್ ಮಾನದಂಡ ರೂಪುಗೊಂಡದ್ದು 1960ರಲ್ಲಿ, ಟೆಲಿಪ್ರಿಂಟರ್ ಮತ್ತು ಮೋಡೆಮ್‌ಗಳ ಕಾಲದಲ್ಲಿ. 1981ರ ಐಬಿಎಂ ಪಿಸಿಗೂ ಅದು ಬಂತು. 1984ರ ಎಟಿ ಯಂತ್ರದಿಂದ ನಮಗೆ ಪರಿಚಿತವಾದ ಒಂಬತ್ತು ಪಿನ್ನಿನ ಕನೆಕ್ಟರ್ ರೂಢಿಯಾಯಿತು. ಅದಕ್ಕೆ ಡ್ರೈವರಿನ ಗೊಡವೆ ಇರಲಿಲ್ಲ. ಎಲ್ಲ ಪಿಸಿಗಳಲ್ಲೂ ಒಂದೇ ಬಗೆಯ ಚಿಪ್, ಒಂದೇ ವಿಳಾಸ. 1996ರ ಜನವರಿಯಲ್ಲಿ ಯುಎಸ್‌ಬಿ ಬಂತು. ಏಳು ಕಂಪನಿಗಳು ಸೇರಿ ಮಾಡಿದ ಈ ಕೆಲಸದಲ್ಲಿ ಮುಖ್ಯ ಪಾತ್ರ ವಹಿಸಿದ ಇಂಟೆಲ್‌ನ ಅಜಯ್ ಭಟ್ಟ್ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದವರು. 1998ರಲ್ಲಿ ಆಪಲ್ ತನ್ನ ಐಮ್ಯಾಕ್‌ನಿಂದ ಹಳೆಯ ಪೋರ್ಟುಗಳನ್ನು ತೆಗೆದುಹಾಕಿತು. ನಿಧಾನವಾಗಿ ಲ್ಯಾಪ್‌ಟಾಪುಗಳಿಂದಲೂ ಒಂಬತ್ತು ಪಿನ್ ಮಾಯವಾಯಿತು. ಆದರೆ ಕಾರ್ಖಾನೆಯ ಸಿಎನ್‌ಸಿ ಯಂತ್ರ, ಲಾರಿ ತೂಗುವ ವೇಬ್ರಿಜ್, ಕಾಲೇಜಿನ 8051 ಕಿಟ್, ನೆಟ್‌ವರ್ಕ್ ಸ್ವಿಚ್ಚಿನ ಕನ್ಸೋಲ್ ಇವು ಸೀರಿಯಲ್ ಭಾಷೆ ಬಿಡಲಿಲ್ಲ. ನಡುವೆ ದುಭಾಷಿಯೊಬ್ಬ ಬೇಕಾಯಿತು. ಆ ದುಭಾಷಿಯೇ ಯುಎಸ್‌ಬಿ-ಸೀರಿಯಲ್ ಚಿಪ್.

ಇಲ್ಲೇ ತೊಡಕು ಶುರುವಾದದ್ದು. ಸ್ಕಾಟ್ಲೆಂಡಿನ ಎಫ್‌ಟಿಡಿಐ, ತೈವಾನಿನ ಪ್ರೊಲಿಫಿಕ್, ಅಮೆರಿಕದ ಸಿಲಿಕಾನ್ ಲ್ಯಾಬ್ಸ್, ಚೀನಾದ ಡಬ್ಲ್ಯುಸಿಎಚ್ ಹೀಗೆ ಪ್ರತಿಯೊಬ್ಬರ ಚಿಪ್ ತನ್ನದೇ ಭಾಷೆ ಆಡುತ್ತದೆ, ತನ್ನದೇ ಡ್ರೈವರ್ ಕೇಳುತ್ತದೆ. ಯುಎಸ್‌ಬಿಯ ನಿಯಮಗಳಲ್ಲಿ ಎಲ್ಲರಿಗೂ ಒಪ್ಪುವ ಒಂದು ಸಾಮಾನ್ಯ ದಾರಿ ಇತ್ತು. ವಿಂಡೋಸ್ ಅದನ್ನು ಪ್ರತ್ಯೇಕ ಫೈಲ್ ಕೇಳದೆ ತಾನಾಗಿಯೇ ಒಪ್ಪಿಕೊಂಡದ್ದು 2015ರ ವಿಂಡೋಸ್ 10ರಲ್ಲಿ. ಅಷ್ಟು ಹೊತ್ತಿಗೆ ತಡವಾಗಿತ್ತು.

ಎಫ್‌ಟಿಡಿಐ ಚಿಪ್ ಹೆಸರು ಮಾಡಿತು. ಹೆಸರು ಮಾಡಿದ್ದಕ್ಕೆ ನಕಲಿಗಳು ಹುಟ್ಟಿದವು. ಮೇಲಿನ ಗುರುತು, ಯುಎಸ್‌ಬಿ ಸಂಖ್ಯೆ ಎಲ್ಲ ಅಸಲಿಯಂತೆಯೇ. 2014ರಲ್ಲಿ ಕಂಪನಿ ವಿಂಡೋಸ್ ಅಪ್‌ಡೇಟ್ ಮೂಲಕ ಹೊಸ ಡ್ರೈವರ್ ಕಳಿಸಿತು. ಆ ಡ್ರೈವರ್ ಚಿಪ್‌ನ ಸಣ್ಣ ಮೆಮೊರಿಗೆ ಒಂದು ಬರಹ ಬರೆಯುತ್ತಿತ್ತು. ಅಸಲಿ ಚಿಪ್ ಆ ಬರಹವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ನಕಲಿ ಚಿಪ್ ಪಾಲಿಸುತ್ತಿತ್ತು. ಫಲವಾಗಿ ಅದರ ಗುರುತಿನ ಸಂಖ್ಯೆ 6001 ಹೋಗಿ 0000 ಆಗುತ್ತಿತ್ತು, ಆಮೇಲೆ ಯಾವ ಕಂಪ್ಯೂಟರೂ ಅದನ್ನು ಗುರುತಿಸುತ್ತಿರಲಿಲ್ಲ. ಬಳಸುವವನಿಗೆ ತನ್ನ ಕೇಬಲಿನಲ್ಲಿರುವುದು ನಕಲಿ ಎಂದು ತಿಳಿಯುವ ಬಗೆಯೇ ಇರಲಿಲ್ಲ. ಕಂಪನಿಗೆ ಅನ್ಯಾಯವಾಗಿದ್ದು ನಿಜ. ಆದರೆ ಅಂಗಡಿಯಲ್ಲಿ ನ್ಯಾಯವಾಗಿ ಹಣ ಕೊಟ್ಟು ತಂದವನ ವಸ್ತುವನ್ನು ಅವನಿಗೆ ಹೇಳದೆ ಕೆಡಿಸುವುದು ಸಿಐಎಚ್ ಮಾಡಿದ ಕೆಲಸಕ್ಕಿಂತ ಎಷ್ಟು ದೂರ? ಪ್ರತಿಭಟನೆ ಎದ್ದು ಕಂಪನಿ ಆ ಡ್ರೈವರನ್ನು ಹಿಂದಕ್ಕೆ ಪಡೆಯಿತು. 2016ರಲ್ಲಿ ಬಂದ ಇನ್ನೊಂದು ಡ್ರೈವರ್ ಚಿಪ್ಪನ್ನು ಕೆಡಿಸಲಿಲ್ಲ. ದತ್ತಾಂಶದ ಬದಲು ‘ಅಸಲಿಯಲ್ಲದ ಸಾಧನ’ ಎಂಬ ಸಂದೇಶವನ್ನು ಕಳಿಸತೊಡಗಿತು. ಯಂತ್ರಕ್ಕೆ ಆದೇಶ ಹೋಗಬೇಕಾದ ತಂತಿಯಲ್ಲಿ ಇಂತಹ ಅಕ್ಷರಗಳು ಹೋದರೆ ಏನಾದೀತು ಎಂದು ನೀವೇ ಊಹಿಸಿ. ಲಿನಕ್ಸ್ ಬರೆಯುವವರು ಮಾತ್ರ 0000 ಆದ ಚಿಪ್ಪುಗಳನ್ನೂ ಗುರುತಿಸುವಂತೆ ತಮ್ಮ ಡ್ರೈವರಿಗೆ ಒಂದು ಸಾಲು ಸೇರಿಸಿ, ಸುಮ್ಮನೆ ಮುಂದೆ ಹೋದರು.

ಪ್ರೊಲಿಫಿಕ್ ಹಿಡಿದ ದಾರಿ ಇದಕ್ಕಿಂತ ಮೃದು. 2012ರಲ್ಲಿ ನಿಲ್ಲಿಸಿದ ಪಿಎಲ್2303ಎಚ್‌ಎಕ್ಸ್‌ಎ ಚಿಪ್‌ಗೆ ಹೊಸ ಡ್ರೈವರ್ ಕೆಲಸ ಮಾಡುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನೊಂದಿಗೆ ‘ಕೋಡ್ 10’ ಬರುತ್ತದೆ, ಅಥವಾ ಈ ಚಿಪ್ 2012ರಿಂದ ನಿಂತಿದೆ ಎಂಬ ಒಕ್ಕಣೆಯೇ ಹೆಸರಿನ ಜಾಗದಲ್ಲಿ ಕಾಣುತ್ತದೆ. ಡ್ರೈವರ್ ಬದಲಿಸುವ ಪಟ್ಟಿಗೆ ಹೋಗಿ ಹಳೆಯ ಆವೃತ್ತಿಯನ್ನು ಕೈಯಿಂದ ಆರಿಸಿದರೆ ಎಷ್ಟೋ ಕೇಬಲುಗಳು ಮತ್ತೆ ನಡೆಯುತ್ತವೆ. ವಿಂಡೋಸ್ ಅಪ್‌ಡೇಟ್ ಮತ್ತೊಮ್ಮೆ ಬಂದು ಹೊಸದನ್ನು ಹಾಕಿದರೆ ಕಥೆ ಮೊದಲಿನಿಂದ.

ಲಿನಕ್ಸಿನಲ್ಲಿ ಡ್ರೈವರುಗಳು ಕರ್ನೆಲ್ ಜೊತೆಗೇ ಬರುತ್ತವೆ. ಅಲ್ಲಿಯ ತೊಂದರೆಗಳು ಬೇರೆ. ಬಳಕೆದಾರ ‘ಡಯಲ್‌ಔಟ್’ ಗುಂಪಿನಲ್ಲಿ ಇಲ್ಲದಿದ್ದರೆ ಪೋರ್ಟ್ ತೆರೆಯಲು ಅನುಮತಿ ಸಿಗದು. 2022ರ ಉಬುಂಟು 22.04ರಲ್ಲಿ ಸಿಎಚ್340 ಕೇಬಲ್ ಹಾಕಿದ ಕೂಡಲೇ ಕಾಣಿಸಿಕೊಂಡು ಮಾಯವಾಗುತ್ತಿತ್ತು. ಕಾರಣ ವಿಚಿತ್ರ: ಅಂಧರಿಗೆ ಬ್ರೈಲ್ ಪರದೆ ಒದಗಿಸುವ ಒಂದು ಪ್ರೋಗ್ರಾಮ್, ಅದೇ ಗುರುತಿನ ಸಂಖ್ಯೆಯುಳ್ಳ ಬ್ರೈಲ್ ಯಂತ್ರವೆಂದು ಭಾವಿಸಿ ಕೇಬಲನ್ನು ಹಿಡಿದುಕೊಳ್ಳುತ್ತಿತ್ತು. ಯಾರದೂ ದುರುದ್ದೇಶವಿರಲಿಲ್ಲ. ಒಂದೇ ಅಗ್ಗದ ಚಿಪ್ಪನ್ನು ಇಬ್ಬರೂ ಬಳಸಿದ್ದರು, ಅಷ್ಟೇ.

ನಿಮ್ಮ ಕೈಯಲ್ಲಿರುವ ಕೇಬಲ್ ಕೆಟ್ಟಿದೆಯೋ ಇಲ್ಲವೋ ಎಂದು ನೋಡಲು ಡ್ರೈವರ್‌ಗಳನ್ನು ಹತ್ತು ಬಾರಿ ಹಾಕಿ ತೆಗೆಯುವ ಮೊದಲು ಎರಡು ಕೆಲಸ ಮಾಡಿ. ಡಿವೈಸ್ ಮ್ಯಾನೇಜರಿನಲ್ಲಿ ಅದಕ್ಕೆ ಯಾವ ಕಾಮ್ ಸಂಖ್ಯೆ ಸಿಕ್ಕಿದೆ ನೋಡಿ. ತನ್ನದೇ ಕ್ರಮಸಂಖ್ಯೆ ಇಲ್ಲದ ಕೇಬಲನ್ನು ಬೇರೆ ಬೇರೆ ಯುಎಸ್‌ಬಿ ಕಿಂಡಿಗೆ ಹಾಕಿದಾಗಲೆಲ್ಲ ವಿಂಡೋಸ್ ಹೊಸ ಸಂಖ್ಯೆ ಕೊಡುತ್ತಾ ಹೋಗುತ್ತದೆ. ಕಾಮ್ 14ರಲ್ಲಿ ಕೂತ ಕೇಬಲನ್ನು ಕಾಮ್ 4ರವರೆಗೆ ಮಾತ್ರ ಎಣಿಸಬಲ್ಲ ಹಳೆಯ ಪ್ರೋಗ್ರಾಮ್ ಕಾಣಲಾರದು. ‘ಅಡ್ವಾನ್ಸ್‌ಡ್’ ಗುಂಡಿಯೊಳಗೆ ಆ ಸಂಖ್ಯೆಯನ್ನು ಕೆಳಗಿಳಿಸಬಹುದು. ಎರಡನೆಯದಾಗಿ, ಯಂತ್ರದಿಂದ ಕೇಬಲನ್ನು ಬಿಡಿಸಿ, ಒಂಬತ್ತು ಪಿನ್‌ಗಳಲ್ಲಿ 2 ಮತ್ತು 3ನ್ನು ಒಂದು ಸಣ್ಣ ತಂತಿಯಿಂದ ಸೇರಿಸಿ. ಟರ್ಮಿನಲ್ ಪ್ರೋಗ್ರಾಮಿನಲ್ಲಿ ‘ಲೋಕಲ್ ಎಕೋ’ ಮತ್ತು ಫ್ಲೋ ಕಂಟ್ರೋಲ್ ಎರಡನ್ನೂ ಆಫ್ ಮಾಡಿ ಏನಾದರೂ ಟೈಪ್ ಮಾಡಿ. ಒತ್ತಿದ ಅಕ್ಷರ ಪರದೆಯ ಮೇಲೆ ಮರಳಿ ಬಂದರೆ ಚಿಪ್ಪೂ ಡ್ರೈವರೂ ಕೆಲಸ ಮಾಡುತ್ತಿವೆ ಎಂದರ್ಥ. ಆಗ ನೋಡಬೇಕಾದದ್ದು ಬಾಡ್ ರೇಟ್, ಯಂತ್ರದ ಕಡೆಯ ವೈರಿಂಗ್ ಮತ್ತು ಅದು ಕೇಳುತ್ತಿರುವ ವೋಲ್ಟೇಜ್.